ಬೀರುವಿನಲ್ಲಿ ಆರು ಶಾಲು

“ಮೇಷ್ಟ್ರೇ, ಸರಿಯಾದ ಗುರು ಸಿಕ್ಕಿದ್ದಾರೆ ಅಂತ ಶಿಷ್ಯನಿಗೆ ಗೊತ್ತಾಗುವುದು ಹೇಗೆ?”

ಸುಧೀಂದ್ರ ಹೀಗೆ ಕೇಳಿದ್ದು ಚಹಾದಂಗಡಿಯ ಬೆಂಚಿನ ಮೇಲೆ ಕೂತು. ಅವನು ದಣಿದಿದ್ದ. ನಾಲ್ಕು ವರ್ಷದಲ್ಲಿ ಐದು ಜನರ ಹತ್ತಿರ ಕೊಳಲು ಕಲಿಯಲು ಸೇರಿ, ಐವರನ್ನೂ ಬಿಟ್ಟಿದ್ದ. ಪ್ರತಿಯೊಬ್ಬರೂ ಹಿಂದಿನವರು ಕಲಿಸಿದ್ದನ್ನು ಮರೆಯಲು ಹೇಳಿ, ಮೊದಲ ಸರಳೆಯಿಂದ ಶುರುಮಾಡಿಸಿದ್ದರು. ಆರನೆಯವರು ಈ ಚೆಲುವಯ್ಯ ಮೇಷ್ಟ್ರು. ಎಂಟು ತಿಂಗಳಾದರೂ ಸರಳೆ ದಾಟಿರಲಿಲ್ಲ. ಪಾಠಕ್ಕಿಂತ ಪಟ್ಟಾಂಗವೇ ಹೆಚ್ಚು. ಇವತ್ತು ಅವನು ಒಂದು ಶಾಲು ಕೊಂಡು ಚೀಲದಲ್ಲಿಟ್ಟುಕೊಂಡು ಬಂದಿದ್ದ. ಅದನ್ನು ಹೊದಿಸಿ, ಕಾಲಿಗೆ ನಮಸ್ಕರಿಸಿ, ನಾಳೆಯಿಂದ ಬರುವುದಿಲ್ಲ ಎಂದು ಹೇಳಿಬಿಡುವುದು. ಆಮೇಲೆ ಏಳನೆಯವರನ್ನು ಹುಡುಕುವುದೋ, ಕೊಳಲನ್ನೇ ಬಿಡುವುದೋ, ಅವನಿಗೇ ಗೊತ್ತಿರಲಿಲ್ಲ.

ಚೆಲುವಯ್ಯ ಚಹಾವನ್ನು ಊದಿ ಆರಿಸಿಕೊಂಡರು. ಒಂದು ಕಾಲದಲ್ಲಿ ಈ ರಾಜ್ಯದ ಯಾವ ಫುಟ್‌ಬಾಲ್ ಕ್ಲಬ್ಬೂ ತಮ್ಮನ್ನು ಕೇಳದೆ ಮ್ಯಾನೇಜರನ್ನು ಇಟ್ಟುಕೊಳ್ಳುತ್ತಿರಲಿಲ್ಲ ಎಂದರು. ಸುಧೀಂದ್ರ ಅವರ ಮುಖ ನೋಡಿದ. ಸುಳ್ಳು ಎಂದು ತಾವೇ ಒಪ್ಪಿಕೊಂಡರು. ಚೆಂಡಿಗೆ ಕಾಲು ತಾಗಿಸಿದವರಲ್ಲ. ಒಂದು ಕ್ಲಬ್ಬಿನ ಎದುರು ಚಹಾ ಕುಡಿಯುತ್ತಿದ್ದುದು ಮಾತ್ರ ನಿಜ. ಆಮೇಲೆ ಕತೆ ಹೇಳಿದರು.

ಒಂದು ಕ್ಲಬ್ಬಿತ್ತು. ಅದಕ್ಕೊಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ. ತಂಡ ಸೋಲುತ್ತಿತ್ತು. ಮೂರು ಸಲ ಸೋತರೆ ಅಧ್ಯಕ್ಷ ಮ್ಯಾನೇಜರನ್ನು ಬದಲಾಯಿಸುತ್ತಿದ್ದ. ಆಟ ಕಲಿಸುವವನು, ಯಾರು ಎಲ್ಲಿ ಆಡಬೇಕೆಂದು ಹೇಳುವವನು ಮ್ಯಾನೇಜರ್. ಸೋಲಿಗೆ ಹೊಣೆಯೂ ಅವನೇ. ಮೂರು ವರ್ಷದಲ್ಲಿ ಆರು ಜನ ಬಂದು ಹೋದರು. ಐದೇ ಇದ್ದೀತು, ಆದರೆ ಆರು ಎಂದರೆ ಕತೆಗೆ ಸ್ವಲ್ಪ ತೂಕ ಎಂದರು ಚೆಲುವಯ್ಯ.

ಅಧ್ಯಕ್ಷ ಮರ್ಯಾದಸ್ಥ. ಯಾರನ್ನೂ ಬರಿಗೈಲಿ ಕಳಿಸಿದವನಲ್ಲ. ಮೈದಾನದಲ್ಲಿ ಕುರ್ಚಿ ಹಾಕಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ತಮ್ಮ ಸೇವೆಯನ್ನು ಈ ಕ್ಲಬ್ಬು ಎಂದೂ ಮರೆಯದು ಎಂದು ಭಾಷಣ ಮಾಡಿ ಕಳಿಸುತ್ತಿದ್ದ. ಒಮ್ಮೆ ಅಂಗಡಿ ತೆರೆಯುವುದು ತಡವಾಗಿ, ಹೋಗಬೇಕಾದ ಮ್ಯಾನೇಜರ್ ಶಾಲಿಗಾಗಿ ಒಂದು ಗಂಟೆ ಕುರ್ಚಿಯಲ್ಲೇ ಕಾಯಬೇಕಾಯಿತು. ಇನ್ನು ಹೀಗಾಗಬಾರದೆಂದು ಅಧ್ಯಕ್ಷ ಒಂದು ಕಟ್ಟು ಶಾಲು ತರಿಸಿ ಬೀರುವಿನಲ್ಲಿ ಇಡಿಸಿದ. ಆರನೆಯವನು ಹೋದ ಮೇಲೂ ಅದರಲ್ಲಿ ಆರು ಉಳಿದಿದ್ದವು.

ಕಾರ್ಯದರ್ಶಿ ಬಳಲಿದ್ದ. ಪತ್ರಿಕೆಗೆ ಜಾಹೀರಾತು ಬರೆಯುವವನು ಅವನು, ಬಂದವನನ್ನು ಬಸ್ ನಿಲ್ದಾಣದಿಂದ ಕರೆತರುವವನು ಅವನು, ಹಣ್ಣಿನ ಬುಟ್ಟಿ ಸಮೇತ ಅದೇ ಬಸ್ಸಿಗೆ ಹತ್ತಿಸುವವನೂ ಅವನೇ. ಈ ವರ್ಷ ಕೊನೆಯ ಸ್ಥಾನಕ್ಕೆ ಬಿದ್ದರೆ ತಂಡ ಕೆಳಗಿನ ದರ್ಜೆಗೆ ಇಳಿಯುತ್ತಿತ್ತು. ಇಳಿದರೆ ಕ್ಲಬ್ಬಿನ ಬಾಗಿಲು ಮುಚ್ಚುವುದೇ. ಆ ಬಾಗಿಲ ಬೀಗವನ್ನು ಅವನು ಇಪ್ಪತ್ತು ವರ್ಷ ತೆಗೆದಿದ್ದ.

ಸಂದರ್ಶನಕ್ಕೆ ಬಂದವರನ್ನು ಅಧ್ಯಕ್ಷ ಕೇಳುತ್ತಿದ್ದುದು ಒಂದೇ: ಬಂದರೆ ಏನೇನು ಬದಲಾಯಿಸುತ್ತೀರಿ? ಉದ್ದದ ಪಟ್ಟಿ ಕೊಟ್ಟವನಿಗೆ ಕೆಲಸ. ಒಬ್ಬ ಮ್ಯಾನೇಜರ್ ಮುಂದೆ ಆಡುವವನನ್ನು ಹಿಂದೆ ನಿಲ್ಲಿಸಿದ. ಇನ್ನೊಬ್ಬ ಅವನನ್ನೇ ಎಡಕ್ಕೆ ಕಳಿಸಿದ. ಮತ್ತೊಬ್ಬ ಬಲಕ್ಕೆ. ಕೊನೆಕೊನೆಗೆ ಆ ಆಟಗಾರ ಮೈದಾನಕ್ಕಿಳಿದರೆ ಮೊದಲು ಕಾರ್ಯದರ್ಶಿಯ ಮುಖ ನೋಡುತ್ತಿದ್ದ, ಇವತ್ತು ಎಲ್ಲಿ ನಿಲ್ಲಲಿ ಎಂಬಂತೆ.

ಏಳನೆಯವನಾಗಿ ಒಬ್ಬ ಡ್ರಿಲ್ ಮೇಷ್ಟ್ರು ಬಂದ. ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ. ಮೊದಲು ಚೆಂಡುಗಳನ್ನು ನೋಡಬೇಕು ಎಂದ. ಕಾರ್ಯದರ್ಶಿ ಬೀರು ತೆರೆದ. ಕೆಳಗೆ ಗಾಳಿ ಇಳಿದ ಚೆಂಡುಗಳು. ಮೇಲೆ, ಕವರು ಸಹ ಬಿಚ್ಚದ ಶಾಲುಗಳು.

“ಇವು ಯಾತಕ್ಕೆ?” ಎಂದು ಅವನು ಕೇಳಿದ.

ಸುಳ್ಳು ಹೇಳುವಷ್ಟು ಶಕ್ತಿ ಕಾರ್ಯದರ್ಶಿಗೆ ಉಳಿದಿರಲಿಲ್ಲ. “ಮ್ಯಾನೇಜರನ್ನು ಕಳಿಸಿಕೊಡುವಾಗ ಹೊದಿಸುವುದಕ್ಕೆ ಸಾರ್. ಎಲ್ಲಕ್ಕಿಂತ ಮೇಲಿರುವುದು ನಿಮ್ಮದು.”

ಡ್ರಿಲ್ ಮೇಷ್ಟ್ರು ಶಾಲುಗಳನ್ನು ಎಣಿಸಿದ. ಕೆಲಸ ಒಪ್ಪುತ್ತೇನೆ, ಆದರೆ ಆರನ್ನೂ ಇವತ್ತೇ ಹೊದಿಸಬೇಕು ಎಂದ. ಅಧ್ಯಕ್ಷನಿಗೆ ಇವನು ದುರಾಸೆಯವನೋ ತಲೆಕೆಟ್ಟವನೋ ತಿಳಿಯಲಿಲ್ಲ. ಬೇರೆ ದಾರಿಯೂ ಇರಲಿಲ್ಲ. ಬಿರುಬಿಸಿಲಲ್ಲಿ ಕುರ್ಚಿ ಹಾಕಿಸಿ ಒಂದರ ಮೇಲೊಂದು ಆರು ಶಾಲು ಹೊದಿಸಿದ. ಅವನಿಗೆ ಬರುತ್ತಿದ್ದುದು ಒಂದೇ ಭಾಷಣ, ಅದನ್ನೇ ಮಾಡಿದ. ತಮ್ಮ ಸೇವೆಯನ್ನು ಈ ಕ್ಲಬ್ಬು ಎಂದೂ ಮರೆಯದು ಎಂದ. ಹೊಸ ಮ್ಯಾನೇಜರ್ ಬೆವರು ಸುರಿಸುತ್ತಾ ಕೈಮುಗಿದ.

ಮೊದಲ ಮೂರು ಪಂದ್ಯಗಳನ್ನು ತಂಡ ಸೋತಿತು. ಅಧ್ಯಕ್ಷ ಕಣ್ಸನ್ನೆ ಮಾಡಿದ. ಕಾರ್ಯದರ್ಶಿ ರೂಢಿಯಂತೆ ಹೋಗಿ ಬೀರು ತೆರೆದ. ಮೇಲಿನ ಖಾನೆ ಖಾಲಿ. ಶಾಲಿಲ್ಲದೆ ಕಳಿಸಿದರೆ ಕ್ಲಬ್ಬಿನ ಮರ್ಯಾದೆ ಏನಾಗಬೇಕು? ಪೇಟೆಗೆ ಹೋಗಿ ತಾ ಎಂದ ಅಧ್ಯಕ್ಷ. ಕಾರ್ಯದರ್ಶಿ ಶಾಲಿನ ಅಂಗಡಿಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂತ. ಮತ್ತೆ ಜಾಹೀರಾತು, ಮತ್ತೆ ಬಸ್ ನಿಲ್ದಾಣ, ಮತ್ತೆ ಆ ಆಟಗಾರನ ಮುಖ. ಎದ್ದು ವಾಪಸು ಬಂದ. ಅಂಗಡಿ ಮುಚ್ಚಿತ್ತು ಎಂದ. ಮುಚ್ಚಿರಲಿಲ್ಲ. ಮುಂದಿನ ವಾರ ಬಣ್ಣ ಚೆನ್ನಾಗಿಲ್ಲ ಎಂದ. ಅದರ ಮುಂದಿನ ವಾರ ಅಂಗಡಿಯವನ ಮನೆಯಲ್ಲಿ ಮದುವೆ ಎಂದ.

ಇಷ್ಟರಲ್ಲಿ ತಂಡ ಒಂದು ಪಂದ್ಯ ಸರಿಸಮ ಮಾಡಿಕೊಂಡಿತು. ಆಮೇಲೆ ಒಂದು ಗೆದ್ದಿತು. ಎರಡು ತಿಂಗಳು ಒಂದೇ ಜಾಗದಲ್ಲಿ ಆಡಿದ ಆ ಆಟಗಾರ ಈಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ದೊಡ್ಡ ಕಪ್ಪೇನೂ ಬರಲಿಲ್ಲ. ಕೊನೆಯಿಂದ ಮೂರನೆಯವರಾದರು. ಕ್ಲಬ್ಬಿನ ಬಾಗಿಲು ಮುಚ್ಚಲಿಲ್ಲ.

ಚೆಲುವಯ್ಯ ಲೋಟ ಕೆಳಗಿಟ್ಟರು.

ಸುಧೀಂದ್ರ ಕೇಳಿದ. “ಹಾಗಾದರೆ ಆ ಏಳನೆಯವನೇ ಎಲ್ಲರಿಗಿಂತ ಒಳ್ಳೆಯ ಮ್ಯಾನೇಜರ್ ಅಂತಲೇ ಮೇಷ್ಟ್ರೇ?”

“ಹಾಗೇನಿಲ್ಲಪ್ಪ. ಮೂರನೆಯವನು ಇವನಿಗಿಂತ ಒಳ್ಳೆಯವನಿದ್ದ ಅಂತ ಕಾರ್ಯದರ್ಶಿ ಹೇಳುತ್ತಿದ್ದ.”

ಸುಧೀಂದ್ರನಿಗೆ ತನ್ನ ಐದು ಜನರೂ ಒಬ್ಬೊಬ್ಬರಾಗಿ ನೆನಪಾದರು. ಅವರಲ್ಲಿ ಮೂರನೆಯವರ ಹತ್ತಿರ ಅವನು ಕಲಿತದ್ದು ಬರೀ ಐದು ತಿಂಗಳು. ಮಡಿಲಲ್ಲಿದ್ದ ಚೀಲವನ್ನು ತೋಳಿನಿಂದ ಮುಚ್ಚಿಕೊಂಡ. ಜಿಪ್ಪಿನ ಸಂದಿಯಿಂದ ಜರಿಯ ಅಂಚು ಆಗಲೇ ಹೊರಗೆ ಬಂದಿತ್ತು. ಚೆಲುವಯ್ಯ ಅದನ್ನು ನೋಡಿಯೂ ನೋಡದವರಂತೆ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಬೆನ್ನು ಬಗ್ಗಿಸಿ ಅವನ ಮುಂದೆ ನಿಂತರು.

“ಅದನ್ನು ಈಗಲೇ ಹೊದಿಸಿ ಮುಗಿಸಿಬಿಡು, ನಾಳೆ ಬೆಳಿಗ್ಗೆ ಆರಕ್ಕೆ ಸರಳೆ, ಇವತ್ತಿನ ಚಹಾದ ದುಡ್ಡು ಮಾತ್ರ ನೀನು ಕೊಟ್ಟು ಬಾ.”