ಎಂಟನೆಯ ಕಲ್ಲಿನ ವಡೆ

ಟ್ಯೂಷನ್ ಮನೆಯ ಅಟ್ಟದಲ್ಲಿ ಒಂದು ಇಲಿ ಇತ್ತು. ಕೆಳಗೆ ಮೇಷ್ಟ್ರು ಮಾಡುವ ಶ್ರೇಢಿಯ ಪಾಠಗಳನ್ನೆಲ್ಲ ಕೇಳಿ ಕೇಳಿ, ಯಾವ ಪರೀಕ್ಷೆಗೂ ತಾನು ಸಿದ್ಧ ಎಂದು ಬೀಗುತ್ತಿತ್ತು. ಒಂದು ಭಾನುವಾರ ಕೆಳಗಿಳಿದು ಬಂದರೆ, ಸಾಲಾಗಿ ಹಾಸಿದ ಕಲ್ಲುಗಳ ಮೇಲೆ ಕೊಬ್ಬರಿ ಚೂರುಗಳು. ಮೊದಲನೆಯ ಕಲ್ಲಿನ ಮೇಲೊಂದು, ಎರಡನೆಯದರ ಮೇಲೊಂದು, ನಾಲ್ಕನೆಯದರ ಮೇಲೊಂದು. ಇಲಿ ಮೂರನ್ನೂ ತಿಂದು ಮೀಸೆ ಒರೆಸಿಕೊಂಡಿತು.

"ಪ್ರತಿ ಸಲವೂ ದುಪ್ಪಟ್ಟು. ಮುಂದಿನದು ಎಂಟು," ಎಂದಿತು.

ಎಂಟನೆಯ ಕಲ್ಲಿನ ಮೇಲೆ ಬೋನು ಬಾಯಿ ತೆರೆದುಕೊಂಡು ಕೂತಿತ್ತು.

"ಅಯ್ಯಾ ಬೋನೇ, ನಿನ್ನಲ್ಲಿ ತಿನ್ನುವುದೇನಾದರೂ ಇದೆಯೇ?"

"ವಡೆ ಇದೆ."

"ಹಾಗಾದರೆ ನನ್ನ ಉತ್ತರ ಸರಿ."

"ಸಾಲನ್ನು ಪೂರ್ತಿ ನೋಡಿ ಉತ್ತರ ಹೇಳುವವರೂ ಇದ್ದಾರೆ," ಎಂದಿತು ಬೋನು.

"ಪರೀಕ್ಷೆಯಲ್ಲಿ ಅಷ್ಟು ಹೊತ್ತು ಎಲ್ಲಿರುತ್ತದೆ?" ಎನ್ನುತ್ತಾ ಇಲಿ ಒಂದೇ ನೆಗೆತಕ್ಕೆ ಬೋನಿನೊಳಗೆ ಬಿತ್ತು. ಬಾಗಿಲು ಮುಚ್ಚಿಕೊಂಡಿತು.

"ಇದು ಅನ್ಯಾಯ! ನನ್ನ ಲೆಕ್ಕ ತಪ್ಪಾಗಿದ್ದರೆ ಇಲ್ಲಿ ವಡೆ ಯಾಕಿರಬೇಕಿತ್ತು?"

"ಅವಸರದವರೆಲ್ಲ ಎಂಟು ಅನ್ನುತ್ತಾರೆಂದು ಮೇಷ್ಟ್ರಿಗೆ ಗೊತ್ತು. ಅದಕ್ಕೇ ನನ್ನನ್ನು ಎಂಟರ ಮೇಲೆ ಇಟ್ಟಿದ್ದಾರೆ," ಎಂದಿತು ಬೋನು. "ಚೂರುಗಳ ನಡುವಿನ ಅಂತರ ಮೊದಲು ಒಂದು, ಆಮೇಲೆ ಎರಡು, ಆಮೇಲೆ ಮೂರು."

ಇಲಿ ಸರಳುಗಳ ಸಂದಿಯಿಂದ ಇಣುಕಿತು. ತಾನು ಹಾರಿ ದಾಟಿ ಬಂದ ಏಳನೆಯ ಕಲ್ಲಿನ ಮೇಲೆ ಕೊಬ್ಬರಿ ಚೂರು ಹಾಗೇ ಇತ್ತು.