ನಿಲ್ಲಮ್ಮನ ದಿನ್ನೆ

ಬಿಳಿಗಲ್ಲಹಾಳಿನ ಬಡಗಣ ದಿಕ್ಕಿಗೆ, ಕಾರೆ ಕವಳೆ ಪೊದೆಗಳ ನಡುವೆ ಒಂದು ಬೋಳು ದಿನ್ನೆ ಇದೆ. ಅದನ್ನು ನಿಲ್ಲಮ್ಮನ ದಿನ್ನೆ ಎನ್ನುತ್ತಾರೆ. ಹೆಸರು ಕೇಳಿದ ಹೊಸಬರು ಯಾವುದೋ ಗ್ರಾಮದೇವತೆಯಿರಬೇಕೆಂದು ಗುಡಿಗಾಗಿ ಕಣ್ಣಾಡಿಸುತ್ತಾರೆ. ಅಲ್ಲಿ ಗುಡಿಯಿಲ್ಲ, ಆ ಹೆಸರಿನ ದೇವತೆಯೂ ಇಲ್ಲ. ಹತ್ತಿ ಹಿಂಜುವ ಪಿಂಜಾರರ ಹೆಣ್ಣುಮಗಳೊಬ್ಬಳು ಕೂಗಿದ ಕೂಗೇ ಅಲ್ಲಿ ಹೆಸರಾಗಿ ನಿಂತಿದೆ.

ಹಿಂದೆ ಒಮ್ಮೆ, ಊರಿಗಿನ್ನೂ ಕೋಟೆಗೋಡೆಯಿದ್ದ ಕಾಲದಲ್ಲಿ, ದಸ್ತಗಿರಿಸಾಬನೆಂಬ ಹಿರಿಯ ತನ್ನ ಇಬ್ಬರು ಗಂಡುಮಕ್ಕಳನ್ನೂ ಸೊಸೆ ಪೀರಾಂಬಿಯನ್ನೂ ಕಟ್ಟಿಕೊಂಡು, ಹಾಸಿಗೆಯ ಹತ್ತಿ ಹಿಂಜುತ್ತ ಊರೂರು ಸುತ್ತಿ, ರಂಜಾನಿನ ಹಬ್ಬಕ್ಕೆಂದು ಮನೆಗೆ ಮರಳುತ್ತಿದ್ದನು. ಪೀರಾಂಬಿ ತನ್ನ ಎಳೆಯ ಮಗಳನ್ನು ಬಿಳಿಗಲ್ಲಹಾಳಿನಲ್ಲೇ ತಾಯಿ ಹೊನ್ನೂರಮ್ಮನ ಮಡಿಲಲ್ಲಿ ಬಿಟ್ಟುಹೋಗಿದ್ದಳು. ದಿನ್ನೆ ಏರಿದಾಗ ಊರಿನ ಮಾಳಿಗೆಗಳು ಕಂಡವು. ಉಪವಾಸದ ದಣಿವೆಲ್ಲ ಮರೆತು ಅವಳ ಕಾಲುಗಳು ಚುರುಕಾದವು. ಅಷ್ಟರಲ್ಲಿ ಮೈದುನ ಕುಸಿದು ಬಿದ್ದ. ಮೈ ಕೆಂಡ, ಕಂಕುಳಲ್ಲಿ ನಿಂಬೆಗಾತ್ರದ ಗೆಡ್ಡೆ. ಹಿಂದಿನ ಊರಿನಲ್ಲಿ ಇಲಿ ಸತ್ತುಬಿದ್ದ ಮನೆಯೊಂದರ ಹತ್ತಿ ಹಿಂಜಿದ್ದು ಎಲ್ಲರಿಗೂ ನೆನಪಾಯಿತು.

ಮುದುಕ ಹೆಗಲ ಮೇಲಿನ ಹಿಂಜುವ ಬಿಲ್ಲನ್ನು ನೆಲಕ್ಕಿಟ್ಟ. "ಪಿಡುಗು ಬಿದ್ದ ಊರಿಗೆ ಹೊರಗಿನೋರು ಹೋಗಬಾರ್ದು, ಒಳಗಿರೋರು ಬಿಟ್ಟು ಓಡಬಾರ್ದು ಅಂತ ಪೈಗಂಬರರು ಹೇಳವ್ರೆ. ಇವತ್ತಿಂದ ಈ ದಿನ್ನೆನೇ ನಮ್ಮೂರು."

"ನಮಗೇನೂ ಆಗಿಲ್ವಲ್ಲಪ್ಪ," ಎಂದ ಪೀರಾಂಬಿಯ ಗಂಡ ಇಮಾಮಸಾಬ. "ಇವಳನ್ನಾದ್ರೂ ಕಳ್ಸಾಣ. ಕೂಸು ಕಾಯ್ತೈತೆ."

"ಆ ಕೂಸಿಗೋಸ್ಕರನೇ ಬ್ಯಾಡ ಅಂತಿರೋದು."

ಪೀರಾಂಬಿಗೆ ಮಾವನ ಮೇಲೆ ಉರಿದುಹೋಯಿತು. ಮುಸುಕೆಳೆದುಕೊಂಡು ಊರಿನತ್ತ ಮುಖಮಾಡಿ ಕುಳಿತಳು. ಎದ್ದು ಓಡಿದರೆ ತಡೆಯುವಷ್ಟು ಕಸುವು ಆ ಮುದುಕನಿಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೆ ಸಂಜೆ ಹಬ್ಬದ ಚಂದ್ರ ಕಾಣುವ ಹೊತ್ತಿಗೆ ಮೈದುನನ ಉಸಿರು ನಿಂತಿತು. ಗುಂಡಿ ತೋಡುತ್ತಿದ್ದ ಗಂಡ ನಡುನಡುವೆ ಗುದ್ದಲಿ ಊರಿ ತತ್ತರಿಸುವುದನ್ನು ಕಂಡ ಮೇಲೆ ಅವಳು ಓಡುವ ಯೋಚನೆ ಬಿಟ್ಟಳು.

ಮರುದಿನ ಬೆಳಗ್ಗೆ, ಬದುಕಿದ್ದವರು ಹಬ್ಬದ ನಮಾಜು ಮುಗಿಸಿ ಕುಳಿತಿದ್ದಾಗ, ಊರಬಾಗಿಲಿನಿಂದ ಒಬ್ಬ ಹೆಂಗಸು ಹೊರಟದ್ದು ಕಾಣಿಸಿತು. ತಲೆಯ ಮೇಲೆ ಗಡಿಗೆ, ಕಂಕುಳಲ್ಲಿ ಮಗು. ದಿನ್ನೆಯ ಮೇಲೆ ಹೊಗೆ ಕಂಡ ಹೊನ್ನೂರಮ್ಮ, ಮಗಳು ಬಂದು ಯಾಕೆ ತಂಗಿದಳೋ ಎಂದು ಶಾವಿಗೆ ಪಾಯಸ ಹೊತ್ತು ಬರುತ್ತಿದ್ದಳು. ದಸ್ತಗಿರಿಸಾಬ ಕೂಗಲೆಂದು ಎದ್ದ. ಜ್ವರದ ಗಂಟಲಿನಿಂದ ಸ್ವರ ಹೊರಡಲಿಲ್ಲ. ಅವನು ಸೊಸೆಯ ಮುಖ ನೋಡಿದ.

"ನಿಲ್ಲಮ್ಮಾ!" ಎಂದು ಪೀರಾಂಬಿ ಕೂಗಿದಳು. ಎದುರುಗಾಳಿ ಮಾತನ್ನು ಹಾರಿಸಿಕೊಂಡು ಹೋಯಿತು. ತನ್ನನ್ನೇ ಕರೆಯುತ್ತಿದ್ದಾಳೆಂದು ತಿಳಿದ ತಾಯಿ ಹೆಜ್ಜೆ ಬಿರುಸು ಮಾಡಿದಳು. ಮಗುವೂ ಅಮ್ಮನನ್ನು ಕಂಡು ಎರಡೂ ಕೈ ಚಾಚಿತು. "ನಿಲ್ಲಮ್ಮಾ, ನಿಲ್ಲು!" ತಾಯಿ ನಗುತ್ತಲೇ ಬಂದಳು. ಪೀರಾಂಬಿ ಬಾಗಿ ಕಲ್ಲೊಂದನ್ನು ಎತ್ತಿಕೊಂಡಳು. ಮೊದಲ ಕಲ್ಲು ಅತ್ತ ಬಿತ್ತು. ಮುಂದಿನದು ಗಡಿಗೆಗೆ ತಾಗಿ, ಪಾಯಸವೆಲ್ಲ ಅಜ್ಜಿ ಮೊಮ್ಮಗಳ ಮೈಮೇಲೆ ಸುರಿಯಿತು. ಮಗು ಕಿಟಾರನೆ ಕಿರುಚಿತು. ಹೊನ್ನೂರಮ್ಮ ನಿಂತಳು.

"ಗೆಡ್ಡೆ ಬೇನೆ ಕಣಮ್ಮಾ! ಬಂದ್ರೆ ನನ್ನಾಣೆ! ಕೂಸನ್ನ ಹಿಂದಕ್ಕೆ ಕರ್ಕೊಂಡು ಹೋಗು!"

ತಾಯಿ ಅಲ್ಲೇ ಕುಸಿದು ಕುಳಿತಳು. ಆಮೇಲೆ ಹೊನ್ನೂರಮ್ಮ ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿ ಎದ್ದು ಹೋದಳು.

ಅಂದಿನಿಂದ ಊರವರು, ಗೌಡರ ಮನೆಯಿಂದ ಹಿಡಿದು ಮಡಿವಾಳರ ಮನೆಯವರೆಗೆ, ಸರದಿಯಂತೆ ಗಂಜಿ ನೀರು ತಂದು ಪಾಯಸ ಚೆಲ್ಲಿದ ಜಾಗದ ಹಾಸುಗಲ್ಲಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ಅವರು ದೂರವಾದ ಮೇಲೆ ಪೀರಾಂಬಿ ಇಳಿದು ಬಂದು ಒಯ್ಯುತ್ತಿದ್ದಳು. ಮಾವನನ್ನು ಮಣ್ಣು ಮಾಡಿದಳು, ಗಂಡನನ್ನೂ ಮಾಡಿದಳು. ಅವಳಿಗೂ ಜ್ವರ ಬಂತು, ಗೆಡ್ಡೆ ಒಡೆಯಿತು, ಜೀವ ಉಳಿಯಿತು. ಬೇನೆ ಪೂರ್ತಿ ಅಡಗಿತೆಂದು ನಂಬಿಕೆಯಾಗುವ ತನಕ ಒಬ್ಬಳೇ ದಿನ್ನೆಯ ಮೇಲಿದ್ದು, ಹತ್ತಿಯನ್ನೂ ಬಿಲ್ಲನ್ನೂ ಬಟ್ಟೆಬರೆಯನ್ನೂ ಸುಟ್ಟು, ಊರವರಿಟ್ಟ ಹೊಸ ಸೀರೆಯುಟ್ಟು ಇಳಿದಳು. ಊರೊಳಗೆ ಒಬ್ಬರಿಗೂ ಬೇನೆ ತಗುಲಿರಲಿಲ್ಲ. ಊರಬಾಗಿಲಲ್ಲಿ ಕಾದಿದ್ದ ಮಗಳು ಮಾತ್ರ ಇವಳನ್ನು ಕಂಡೊಡನೆ ಅಜ್ಜಿಯ ಹಿಂದೆ ಅವಿತುಕೊಂಡು, "ಕಲ್ಲು ಹೊಡೀಬ್ಯಾಡ" ಎಂದಳಂತೆ. ಆ ದಿನದವರೆಗೆ ಅಳದಿದ್ದ ಪೀರಾಂಬಿ ಆಗ ಅತ್ತಳು ಎನ್ನುತ್ತಾರೆ.

ಅಂದು ಅಲ್ಲಿ ಕುರಿ ಕಾಯುತ್ತಿದ್ದವರು ಕೇಳಿದ ಕೂಗು ಬಾಯಿಂದ ಬಾಯಿಗೆ ಹರಡಿ, ದಿನ್ನೆಗೆ ನಿಲ್ಲಮ್ಮನ ಹೆಸರು ಬಂತು. ಈಗಲೂ ಮೇಲೆ ಹತ್ತಿದವರಿಗೆ ಹೆಸರು ಕೆತ್ತದ ಗೋರಿಗಳು ಸಾಲಾಗಿ ಕಾಣುತ್ತವೆ. ಕೆಳಗಿನ ಹಾಸುಗಲ್ಲಿನ ಮೇಲೆ ಹಬ್ಬದ ಬೆಳಗ್ಗೆ ಒಂದು ಗಡಿಗೆ ಶಾವಿಗೆ ಪಾಯಸವಿರುತ್ತದೆ. ಇಟ್ಟವರು ಅಲ್ಲಿ ನಿಲ್ಲುವುದಿಲ್ಲ. ದಾರಿಹೋಕರು ಯಾರೇ ಆಗಲಿ, ಬಡಿಸಿಕೊಂಡು ಉಣ್ಣಬಹುದು.