ಅಂಚಿನಲ್ಲಿ ಬರೆದದ್ದು

“ಅರ್ಥವಾಗದ ಪುಸ್ತಕವನ್ನು ಎಲ್ಲಿಯವರೆಗೆ ಓದಬೇಕು, ಬುದ್ಧಿ?”

ಹೀಗೆ ಕೇಳಿದವನು ಶಿವಮಲ್ಲು, ಮಠದಲ್ಲಿ ಗುರುಗಳ ಬಳಿ ಓದುತ್ತಿದ್ದ ಶಿಷ್ಯ. ಅವನ ತೊಡೆಯ ಮೇಲೆ ಆರುನೂರು ಪುಟದ ಒಂದು ಕಾದಂಬರಿ ಇತ್ತು. ತಿಂಗಳ ಹಿಂದೆ ಗುರುಗಳೇ ಅದನ್ನು ಮಠದ ಕಪಾಟಿನಿಂದ ತೆಗೆದು ಕೊಟ್ಟಿದ್ದರು. ಅವನು ಮೂರು ಸಲ ಮೊದಲಿಂದ ಶುರುಮಾಡಿ, ಮೂರು ಸಲವೂ ನಲವತ್ತನೆಯ ಪುಟದಲ್ಲಿ ನಿಂತಿದ್ದ.

“ಅಜ್ಜನ ಹೆಸರೇ ಮೊಮ್ಮಗನಿಗೂ ಇದೆ. ಯಾರು ಯಾರೋ ತಿಳಿಯುವುದಿಲ್ಲ. ಅದೂ ಸಾಲದು ಅಂತ ಯಾರೋ ಅಂಚಿನಲ್ಲೆಲ್ಲ ಗೀಚಿದ್ದಾರೆ. ನಲವತ್ತು ಪುಟದಷ್ಟು ರಬ್ಬರಿನಿಂದ ಅಳಿಸಿದೆ. ಸಾಕಾಯಿತು. ವಾಪಸು ಕಪಾಟಿನಲ್ಲಿ ಇಡಲಾ?”

ಗುರುಗಳು ಅವನ ಕೈಯಲ್ಲಿದ್ದ ರಬ್ಬರನ್ನು ನೋಡಿದರು. “ಇಡುವೆಯಂತೆ. ಕಪಾಟು ಎಲ್ಲಿಗೂ ಓಡಿಹೋಗುವುದಿಲ್ಲ. ಕೂತುಕೋ,” ಎಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಡಗಿ ಇದ್ದ. ಕೈ ಒಳ್ಳೆಯದು, ಬಾಯಿ ಕೊಂಚ ಒರಟು. ಅವನ ಹೆಂಡತಿ ಹೂ ಕಟ್ಟಿ ಮಾರುತ್ತಿದ್ದಳು. ಅವಳಿಗೆ ಓದುವ ಹುಚ್ಚು. ಹೂವಿನ ಕೆಲಸ ಮುಗಿದ ಮೇಲೆ ಒಂದು ದಪ್ಪ ಕಾದಂಬರಿ ಹಿಡಿದು ಕೂರುವಳು. ಒಂದು ದಿನ ಎರಡು ಪುಟ, ಇನ್ನೊಂದು ದಿನ ಅರ್ಧ ಪುಟ. ಬಡಗಿಗೆ ಅದು ತಮಾಷೆ.

“ಆ ಇಟ್ಟಿಗೇಲಿ ಏನೈತೆ ಅಂತ ಓದ್ತೀಯೆ?”

“ಮುಗೀಲಿ, ಹೇಳ್ತೀನಿ.”

ಅವನು ಮತ್ತೆ ಕೇಳಲಿಲ್ಲ. ಅವಳು ಹೇಳಿದರೂ ಕೂತು ಕೇಳುವ ತಾಳ್ಮೆ ಅವನಿಗೆ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಆ ವರ್ಷ ಅವಳಿಗೆ ಜ್ವರ ಬಂತು. ಹನ್ನೊಂದು ದಿನ ಮಲಗಿದವಳು ಏಳಲಿಲ್ಲ. ಪುಸ್ತಕ ನಡುವಿನಲ್ಲೇ ನಿಂತಿತು.

ತಿಥಿ ಮುಗಿದು ನೆಂಟರು ಹೋದ ಮೇಲೆ ಬಡಗಿಗೆ ಒಂದೇ ಯೋಚನೆ ಹಿಡಿಯಿತು. ಅವಳು ಏನೋ ಹೇಳುತ್ತೇನೆ ಅಂದಿದ್ದಳು. ಅದೇನು? ಕೇಳೋಣವೆಂದರೆ ಅವಳಿಲ್ಲ. ಇರುವುದು ಆ ಪುಸ್ತಕ ಒಂದೇ.

ಅವನು ಪುಸ್ತಕ ತೆಗೆದು ನೇರವಾಗಿ ಕೊನೆಯ ಪುಟ ಓದಿದ. ಮುಗಿದ ಮೇಲೆ ಹೇಳುತ್ತೇನೆ ಅಂದಿದ್ದಳಲ್ಲ, ಹೇಳುವಂಥದ್ದು ಕೊನೆಯಲ್ಲೇ ಇರಬೇಕು ಎಂದು ಅವನ ಎಣಿಕೆ. ಕೊನೆಯ ಪುಟದಲ್ಲಿ ಒಬ್ಬ ಮುದುಕ ಕರುವಿಗೆ ನೀರಿಟ್ಟು ಒಳಗೆ ಹೋಗುತ್ತಾನೆ. ಅಷ್ಟೇ. ಬಡಗಿಗೆ ಸಿಟ್ಟು ಬಂತು. ಇದಕ್ಕಾ ಇವಳು ಅಷ್ಟು ದಿನ ಕಣ್ಣು ನೋಯಿಸಿಕೊಂಡದ್ದು ಅಂದುಕೊಂಡ. ಆಮೇಲೆ ನಾಚಿಕೆಯಾಯಿತು. ಅಗುಳಿಯೊಂದನ್ನೇ ನೋಡಿ ಬಾಗಿಲು ಹೇಗಿದೆ ಎಂದು ಹೇಳಲಾಗದು. ಬಡಗಿಯಾದವನಿಗೆ ಇಷ್ಟಾದರೂ ಗೊತ್ತಿರಬೇಕಿತ್ತು.

ಮೊದಲಿಂದ ಶುರುಮಾಡಿದ. ಅವನು ಓದಿದ್ದು ನಾಲ್ಕನೆಯ ಕ್ಲಾಸು. ಒಂದು ಪುಟಕ್ಕೆ ಒಂದು ಸಂಜೆ ಬೇಕಾಯಿತು. ಅಜ್ಜ ಯಾರು, ಮೊಮ್ಮಗ ಯಾರು ಎಂದು ತಲೆ ಚಿಟ್ಟು ಹಿಡಿಯಿತು. ಒಂದು ಹಲಗೆಯ ಮೇಲೆ ಹೆಸರುಗಳನ್ನೆಲ್ಲ ಬರೆದು ಪಕ್ಕದಲ್ಲಿ ಇಟ್ಟುಕೊಂಡ. ಆದರೂ ಇಪ್ಪತ್ತಾರನೆಯ ಪುಟದಲ್ಲಿ ಸೋತ. ಇನ್ನು ಮುಚ್ಚಿಬಿಡೋಣ ಅನ್ನುವಾಗ ಅಂಚು ಕಣ್ಣಿಗೆ ಬಿತ್ತು. ಪೆನ್ಸಿಲಿನ ಸಣ್ಣ ಅಕ್ಷರ, ಅವಳದೇ ಕೈಬರಹ. ‘ಇವನು ಅಜ್ಜನೋ ಮೊಮ್ಮಗನೋ, ಶಿವನೇ ಬಲ್ಲ.’

“ನಿಂಗೂ ತಿಳೀಲಿಲ್ವಾ!” ಎಂದು ಬಡಗಿ ಗಟ್ಟಿಯಾಗಿ ನಕ್ಕ. ಅವಳು ಹೋದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು. ಅವಳಿಗೇ ತಿಳಿಯಲಿಲ್ಲ ಅಂದ ಮೇಲೆ ನನಗೇನು ಹೆದರಿಕೆ ಎಂದು ಪುಟ ತಿರುವಿದ.

ಇಲ್ಲಿಗೆ ಬಂದಾಗ ಶಿವಮಲ್ಲುವಿನ ಮುಖ ಸಣ್ಣದಾಯಿತು. ಗುರುಗಳು ಅದನ್ನು ಕಂಡರೂ ಕಾಣದವರಂತೆ ಮುಂದುವರಿಸಿದರು.

ಎಂಬತ್ತೇಳನೆಯ ಪುಟದಲ್ಲಿ ಊರಿಗೆಲ್ಲ ಬಾಗಿಲು ಮಾಡಿಕೊಟ್ಟ ಒಬ್ಬನ ಮಾತು ಬರುತ್ತದೆ. ಅವನ ಮನೆಯ ಬಚ್ಚಲಿಗೆ ಮಾತ್ರ ಗೋಣಿತಾಟು. ಆ ಸಾಲಿನ ಪಕ್ಕ ಅವಳು ಬರೆದಿದ್ದಳು: ‘ಇವರಿಗೆ ಹೇಳಬೇಕು.’

ಈ ಬಡಗಿಯ ಬಚ್ಚಲಿಗೂ ಗೋಣಿತಾಟೇ ಇತ್ತು. ಒಂಬತ್ತು ವರ್ಷದಿಂದ ಅವಳು ಬಾಗಿಲು ಕೇಳುತ್ತಿದ್ದಳು. ನಾಳೆ ಮಾಡಿದರಾಯಿತು ಎಂದು ಇವನು ದಿನ ತಳ್ಳಿದ್ದ. ಆ ಎರಡು ಮಾತನ್ನು ಎಷ್ಟು ಸಲ ಓದಿದನೋ. ಮುಗಿದ ಮೇಲೆ ಹೇಳುತ್ತೇನೆ ಅಂದವಳು ಓದುತ್ತ ಓದುತ್ತಲೇ ಹೇಳಬೇಕು ಅಂದುಕೊಂಡಿದ್ದಳು. ಕೇಳುವವನು ಇರಲಿಲ್ಲ. ಬಡಗಿ ಅತ್ತ. ಮರುದಿನ ಬಚ್ಚಲಿಗೆ ಹಲಸಿನ ಮರದ ಬಾಗಿಲು ನಿಲ್ಲಿಸಿದ. ಅಟ್ಟ ಮೇಲೆ ಒಲೆ ಉರಿಯಿತು ಎಂದು ನೆರೆಯವರು ಆಡಿಕೊಂಡರು. ಆಡಿಕೊಳ್ಳಲಿ, ಅವರು ಆ ಪುಸ್ತಕ ಓದಿರಲಿಲ್ಲ.

ಹೀಗೆ ಒಂದೂವರೆ ವರ್ಷ ಓದಿದ. ಕೆಲವು ಪುಟ ತಿಳಿಯಿತು, ಕೆಲವು ತಿಳಿಯಲಿಲ್ಲ. ತಿಳಿಯದ ಕಡೆ ಅವಳೂ ಪ್ರಶ್ನೆ ಹಾಕಿದ್ದರೆ ಸಮಾಧಾನ. ‘ಇವರಿಗೆ ಹೇಳಬೇಕು’ ಎಂಬುದು ಸಿಕ್ಕ ದಿನ ಕೆಲಸಕ್ಕೆ ಹೋಗುವಾಗ ಅವನ ನಡಿಗೆಯೇ ಬೇರೆ ಇರುತ್ತಿತ್ತು.

ಮುನ್ನೂರ ಹನ್ನೆರಡನೆಯ ಪುಟದಲ್ಲಿ ಒಂದು ಒಣಗಿದ ಬಾಳೆನಾರು ಸಿಕ್ಕಿತು. ಹೂ ಕಟ್ಟುವ ನಾರು. ಅವಳು ಓದು ನಿಲ್ಲಿಸಿದ್ದು ಅಲ್ಲಿ.

ಎಂಟು ದಿನ ಅವನು ಆ ಪುಟ ತಿರುವಲಿಲ್ಲ. ಇಷ್ಟು ದಿನ ಅವಳು ಮುಂದೆ, ಇವನು ಹಿಂದೆ. ಇನ್ನು ಹೆಜ್ಜೆ ಇಟ್ಟರೆ ಅವಳನ್ನು ಅಲ್ಲೇ ಬಿಟ್ಟು ಹೋದಂತೆ. ಒಂಬತ್ತನೆಯ ದಿನ ತಿರುವಿದ. ಅಂಚು ಖಾಲಿ ಇತ್ತು. ಏಳು ಪುಟ ಓದಿದ. ಒಬ್ಬಳು ಹೂ ಕೊಯ್ಯುತ್ತ ತನ್ನಷ್ಟಕ್ಕೆ ನಗುವ ಮಾತು ಬಂತು. ಬಡಗಿ ಕಿವಿಯ ಮೇಲಿನ ದಪ್ಪ ಪೆನ್ಸಿಲು ತೆಗೆದ, ಮರಕ್ಕೆ ಗುರುತು ಹಾಕುವ ಪೆನ್ಸಿಲು. ಸೊಟ್ಟಪಟ್ಟ ಅಕ್ಷರದಲ್ಲಿ ಬರೆದ: ‘ಇವಳಿಗೆ ಹೇಳಬೇಕು.’

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿ ಕಪಾಟಿನ ಕಡೆ ನೋಡಿದರು.

“ಪುಸ್ತಕ ಅವನಿಗೆ ಪೂರ್ತಿ ಅರ್ಥವಾಯಿತು ಅಂತ ನಾನು ಹೇಳುವುದಿಲ್ಲ. ಹೇಳಿದರೆ ಸುಳ್ಳಾದೀತು. ಈ ಮಠದ ಕಪಾಟು ಮಾಡಲು ಬಂದಾಗ ಅವನೇ ಇದನ್ನೆಲ್ಲ ನನಗೆ ಹೇಳಿದ. ಹೋದ ವರ್ಷ ಅವನೂ ತೀರಿಕೊಂಡ. ಅವನ ತಂಗಿ ಪುಸ್ತಕವನ್ನು ತಂದು ಅವನು ಮಾಡಿದ ಕಪಾಟಿನಲ್ಲೇ ಇಟ್ಟು ಹೋದಳು.”

ಶಿವಮಲ್ಲು ತೊಡೆಯ ಮೇಲಿನ ಪುಸ್ತಕ ತೆರೆದ. ಮುನ್ನೂರ ಹನ್ನೆರಡನೆಯ ಪುಟದಲ್ಲಿ ನಾರು ಇತ್ತು. ಏಳು ಪುಟದ ಆಚೆ ದಪ್ಪ ಅಕ್ಷರ ಇತ್ತು. ಅವನು ಹಿಂದಕ್ಕೆ ತಿರುವುತ್ತ ಇಪ್ಪತ್ತಾರನೆಯ ಪುಟಕ್ಕೆ ಬಂದ. ಅಂಚು ಬೆಳ್ಳಗಿತ್ತು. ಬೆಳಕಿಗೆ ಓರೆಯಾಗಿ ಹಿಡಿದಾಗ ‘ಶಿವನೇ ಬಲ್ಲ’ ಎಂಬಷ್ಟು ಮಾತ್ರ ಗೀರಿನಂತೆ ಕಂಡಿತು. ರಬ್ಬರನ್ನು ನೆಲದ ಮೇಲೆ ಇಟ್ಟ.

“ತಪ್ಪಾಯಿತು, ಬುದ್ಧಿ,” ಅಂದ. ಪುಸ್ತಕ ಮುಚ್ಚದೆ ಮತ್ತೆ ಕೇಳಿದ: “ಅವರು ಪೂರ್ತಿ ಓದಿದರಾ?”

“ಐನೂರ ಹದಿನಾರನೆಯ ಪುಟದವರೆಗೆ ಬಂದ, ಅವನ ಕೊನೆಯ ಅಕ್ಷರ ಅಲ್ಲಿದೆ. ಅಲ್ಲಿಂದ ಮುಂದಿನದನ್ನು ಅವರಿಬ್ಬರಿಗೂ ನೀನು ಹೇಳಬೇಕು.”